ಸೊಲ್ಲಾಪುರದ ಡಾಕ್ಟರು

ಸೊಲ್ಲಾಪುರ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಚಾದರು. ಆಮೇಲೆ ಶೇಂಗಾ ಚಟ್ನಿ, ಕಟಿ ರೊಟ್ಟಿ, ಸಂಕ್ರಾಂತಿಯ ಜಾತ್ರೆ. ವಚನ ಓದಿದವರಿಗೆ ಅದು ಸೊನ್ನಲಿಗೆ, ಸಿದ್ಧರಾಮನ ಊರು. ಇತಿಹಾಸ ಓದಿದವರು 1930ರ ಮಾರ್ಷಲ್ ಲಾ ಬಗ್ಗೆ ಹೇಳುತ್ತಾರೆ. 1931ರ ಜನವರಿಯಲ್ಲಿ ಗಲ್ಲಿಗೇರಿದ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿಯೂ ಒಬ್ಬರು ಅಂತ ನೆನಪಿಸುತ್ತಾರೆ. ಆದರೆ ಇದೇ ಊರಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದ ದ್ವಾರಕಾನಾಥ ಶಾಂತಾರಾಮ ಕೋಟ್ನೀಸ್ ಎಂಬ ಡಾಕ್ಟರನ್ನು ಚೀನಾದವರು ನೆನೆದಷ್ಟು ನಾವು ನೆನೆದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಟ್ನೀಸರನ್ನು ಕನ್ನಡಿಗರ ಲೆಕ್ಕಕ್ಕೆ ಬರೆದುಕೊಳ್ಳುವ ಆಸೆ ನನಗಿಲ್ಲ. ಅವರದು ಮರಾಠಿ ಬಳಗ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಹಾಕಲಾರ. ಆದರೆ ಅವರು ಬೆಳೆದ ಊರು ಎಂಥದ್ದು ಅನ್ನುವುದು ನನಗೆ ಚೆನ್ನಾಗಿ ಗೊತ್ತು. 1990ರ ದಶಕದಲ್ಲಿ ಮೂರು ವರ್ಷ ನಾನು ಸೊಲ್ಲಾಪುರದ ಶಾಖೆಯಲ್ಲಿದ್ದೆ. ಕೌಂಟರಿನ ಮುಂದೆ ನಿಂತ ಹತ್ತು ಜನರಲ್ಲಿ ಕೆಲವರು ಮರಾಠಿ, ಕೆಲವರು ಕನ್ನಡ, ನೇಕಾರ ಪೇಟೆಯವರು ತೆಲುಗು. ಅಕ್ಕಲಕೋಟ ಕಡೆಯ ರೈತ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದ, ನಡುವೆ ಎಲ್ಲಿ ಭಾಷೆ ಬದಲಾಯಿತು ಅಂತ ಅವನಿಗೂ ತಿಳಿಯುತ್ತಿರಲಿಲ್ಲ. ಅಂಥ ಊರಲ್ಲಿ ಬೆಳೆದವನಿಗೆ ಇನ್ನೊಬ್ಬರ ಭಾಷೆ ಅಂದರೆ ಅಷ್ಟು ಹೆದರಿಕೆ ಇರುವುದಿಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಮಗನ ಹತ್ತಿರ ವಾಕಡಕ್ಕೆ ಬಂದೆವು. ಪುಣೆಯ ವಾಯವ್ಯಕ್ಕೆ, ಹಿಂಜವಡಿಯ ಪಕ್ಕದ ಊರು ಇದು. ಊರು ಅಂದೆ, ಆದರೆ ಈಗ ಇಪ್ಪತ್ತು ಅಂತಸ್ತಿನ ಕಟ್ಟಡಗಳ ನಡುವೆ ಹಳೆಯ ಊರನ್ನು ಹುಡುಕಿಕೊಂಡು ಹೋಗಬೇಕು. ಮ್ಹಾತೋಬಾನ ಗುಡಿ ಇದೆ. ಚೈತ್ರದ ಹುಣ್ಣಿಮೆಗೆ ಹಿಂಜವಡಿಯಿಂದ ಬಗಾಡ ಬರುತ್ತದೆ. ನಮ್ಮ ಕಡೆಯ ಸಿಡಿ ಆಡುವುದನ್ನು ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. ಮುಂಬಯಿ–ಬೆಂಗಳೂರು ಹೆದ್ದಾರಿ ಊರನ್ನು ಸೀಳಿಕೊಂಡು ಹೋಗುತ್ತದೆ. ರಾತ್ರಿ ಊಟವಾದ ಮೇಲೆ ಬಾಲ್ಕನಿಯಲ್ಲಿ ನಿಂತರೆ ಹುಬ್ಬಳ್ಳಿ ಕಡೆಗೆ ಹೋಗುವ ಸ್ಲೀಪರ್ ಬಸ್ಸುಗಳು ಕಾಣುತ್ತವೆ.

ಈ ಕಟ್ಟಡಗಳನ್ನು ಕಟ್ಟುವವರಲ್ಲಿ ನಮ್ಮವರು ಬಹಳ. ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಬುಟ್ಟಿ ಹೊರುವ ಹೆಂಗಸರು. ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಇಲ್ಲಿ ಒಂದು ಧರ್ಮಾರ್ಥ ದವಾಖಾನೆ ಇದೆ. ವಾರಕ್ಕೆ ಎರಡು ಸಂಜೆ ನಾನು ಅಲ್ಲಿ ಚೀಟಿ ಬರೆಯುತ್ತೇನೆ. ಚೀಟಿಗಿಂತ ಹೆಚ್ಚಾಗಿ ನನ್ನ ಕೆಲಸ ಕನ್ನಡವನ್ನು ಮರಾಠಿ ಮಾಡುವುದು. ಅಲ್ಲಿ ಔಷಧ ಕೊಡುವ ಹಿರಿಯರೊಬ್ಬರು ಸೊಲ್ಲಾಪುರದವರು. ಕೋಟ್ನೀಸರ ಕತೆಯನ್ನು ಅವರೇ ಒಂದು ದಿನ ಎತ್ತಿದರು. ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ, ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ.

1937ರ ಜುಲೈಯಲ್ಲಿ ಜಪಾನು ಚೀನಾದ ಮೇಲೆ ಪೂರ್ತಿ ಯುದ್ಧಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ನಾನ್ಜಿಂಗ್ ಬಿತ್ತು. ಅಲ್ಲಿ ನಡೆದ ಕೊಲೆಯ ಸುದ್ದಿ ಜಗತ್ತೆಲ್ಲ ಹರಡಿತು. ಚೀನಾದ ಎಂಟನೇ ಮಾರ್ಗದ ಸೇನೆಯ ಮುಖ್ಯಸ್ಥ ಝು ದೆ ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರು ಮತ್ತು ಔಷಧದ ನೆರವು ಕೇಳಿದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಸುಭಾಷಚಂದ್ರ ಬೋಸ್. ಅವರು ಜನರ ಮುಂದೆ ಕೈಯೊಡ್ಡಿದರು. ಆ ಬೇಸಿಗೆ–ಮಳೆಗಾಲದಲ್ಲಿ 22 ಸಾವಿರ ರೂಪಾಯಿ ಕೂಡಿತು.

ಈಗ ಆ ಮೊತ್ತ ಕೇಳಿದರೆ ನಗು ಬರಬಹುದು. ವಾಕಡದಲ್ಲಿ ಎರಡು ಕೋಣೆಯ ಮನೆಗೆ ತಿಂಗಳ ಬಾಡಿಗೆ ಅದಕ್ಕಿಂತ ಜಾಸ್ತಿ. ಆದರೆ ಆಗ ಬಂಗಾರ ತೊಲೆಗೆ 35 ರೂಪಾಯಿ ಆಸುಪಾಸು. ಲೆಕ್ಕ ಹಾಕಿ ನೋಡಿ, ಆರುನೂರು ತೊಲೆಗೂ ಮಿಕ್ಕಿದ ಹಣ ಅದು. ಕೊಟ್ಟವರು ಯಾರು? ತಾವೇ ಇನ್ನೊಬ್ಬರ ಆಳ್ವಿಕೆಯಲ್ಲಿದ್ದ ಜನ. ತನ್ನ ಮನೆಗೇ ಬೆಂಕಿ ಬಿದ್ದಿರುವಾಗ ನೆರೆಮನೆಗೆ ಕೊಡ ನೀರು ಕಳಿಸಿದ ಹಾಗೆ.

ಐದು ಜನ ಡಾಕ್ಟರು ಆರಿಸಲ್ಪಟ್ಟರು. ಅಲಹಾಬಾದಿನ ಮದನ ಮೋಹನಲಾಲ ಅಟಲ್ ತಂಡದ ನಾಯಕ; ಅವರು ಅದಾಗಲೇ ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ನಾಗಪುರದ ಚೋಳಕರ್ ವಯಸ್ಸಿನಲ್ಲಿ ಹಿರಿಯರು. ಕಲ್ಕತ್ತೆಯಿಂದ ಇಬ್ಬರು, ಬಿಜಯಕುಮಾರ ಬಸು ಮತ್ತು ದೇಬೇಶ ಮುಖರ್ಜಿ. ಐದನೆಯವರು ಕೋಟ್ನೀಸ್. ಮುಂಬಯಿಯ ಪರೇಲಿನಲ್ಲಿರುವ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿ, ಮೇಲಿನ ಓದಿಗೆ ತಯಾರಿ ನಡೆಸಿದ್ದರು. ಎಂಟು ಮಕ್ಕಳ ಮಧ್ಯಮ ವರ್ಗದ ಮನೆ. ಅಂಥ ಮನೆಯಲ್ಲಿ ಒಬ್ಬ ಮಗ ಡಾಕ್ಟರಾದ ಅಂದರೆ ಅವನ ಮೇಲೆ ಎಷ್ಟು ಜನರ ಕಣ್ಣು ಇರುತ್ತದೆ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಅವರಿಗೆ ಆಗ ಇಪ್ಪತ್ತೇಳು. ಕೈತುಂಬ ಸಂಪಾದಿಸುವ ಹೊತ್ತಿಗೆ ಚೀನಾಕ್ಕೆ ಹೊರಡುತ್ತೇನೆ ಅಂದರು.

1938ರ ಸೆಪ್ಟೆಂಬರ್ 1ರಂದು 'ರಾಜಪುತಾನಾ' ಹಡಗು ಮುಂಬಯಿ ಬಿಟ್ಟಿತು. ಜೊತೆಗೆ ಒಂದು ಆಂಬುಲೆನ್ಸು, ಔಷಧದ ಪೆಟ್ಟಿಗೆಗಳು. ಹಾಂಕಾಂಗ್ ಮೂಲಕ ಕ್ಯಾಂಟನ್ ತಲುಪಿದಾಗ ಸನ್ ಯಾತ್‌ಸೆನ್ ಅವರ ಪತ್ನಿ ಸೂಂಗ್ ಚಿಂಗ್‌ಲಿಂಗ್ ಬರಮಾಡಿಕೊಂಡರು. ಅಲ್ಲಿಂದ ಹಾಂಕೌ. ಅಷ್ಟರಲ್ಲಿ ಯುದ್ಧ ಬೆನ್ನಿಗೇ ಬಂದಿತ್ತು. ಅಕ್ಟೋಬರ್ ತಿಂಗಳ ಕೊನೆಗೆ ಕ್ಯಾಂಟನ್ನೂ ಹಾಂಕೌ ಕೂಡ ಜಪಾನಿನ ವಶವಾದವು. ಡಾಕ್ಟರುಗಳು ಯಾಂಗ್‌ತ್ಸೆ ನದಿಯ ಗುಂಟ ಮೇಲೆ ಮೇಲೆ ಸರಿಯುತ್ತ ಚೋಂಗ್‌ಚಿಂಗ್ ಸೇರಿದರು. ಚಿಯಾಂಗ್ ಕೈಶೇಕರ ಸರ್ಕಾರ ಅಲ್ಲಿತ್ತು. ಕಮ್ಯುನಿಸ್ಟರ ಯೆನಾನ್‌ಗೆ ಈ ಭಾರತೀಯರು ಹೋಗುವುದು ಆ ಸರ್ಕಾರಕ್ಕೆ ಅಷ್ಟು ಇಷ್ಟವಿರಲಿಲ್ಲ, ಹಾಗಾಗಿ ಕಾಯುವುದಾಯಿತು.

ಕಾಯುತ್ತಿರುವಾಗಲೇ ಸೊಲ್ಲಾಪುರದಿಂದ ಸುದ್ದಿ ಬಂತು, ತಂದೆ ಇನ್ನಿಲ್ಲ ಅಂತ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತಿದ್ದೆ. ವರ್ಗಾವಣೆಯ ನೌಕರಿ ಮಾಡಿದವರಿಗೆ ಈ ಸುದ್ದಿ ಎಂಥದು ಅಂತ ಗೊತ್ತು. ನನ್ನ ತಂದೆ ಹೋದಾಗ ನಾನು ಎರಡು ರಾತ್ರಿಯ ಪ್ರಯಾಣದ ದೂರದಲ್ಲಿದ್ದೆ. ಮೂರನೆಯ ದಿನದ ಕಾರ್ಯಕ್ಕೆ ಮುಟ್ಟಿದೆ. ಕೋಟ್ನೀಸರಿಗೆ ಹಡಗಿನ ದಾರಿ ವಾರಗಟ್ಟಲೆಯದು. ಜೊತೆಯವರು, ಹೋಗು, ಯಾರೂ ತಪ್ಪು ತಿಳಿಯುವುದಿಲ್ಲ ಅಂದರು. ಅವರು ಹೋಗಲಿಲ್ಲ. ಹೊಣೆಯ ಮಗ ಮನೆಗೆ ಬರಬೇಕಿತ್ತು ಅಂತ ನಮ್ಮ ಮನೆಯವರು ಈ ಕತೆ ಕೇಳಿದ ಕೂಡಲೇ ಅಂದರು. ಅವರ ಮಾತೂ ಸುಳ್ಳಲ್ಲ. ಸೊಲ್ಲಾಪುರದ ತಾಯಿಗೆ ಚೀನಾದ ಗಾಯಾಳುಗಳ ಕತೆಯಿಂದ ಏನು ಸಮಾಧಾನ ಸಿಕ್ಕಿರಬೇಕು? ದೊಡ್ಡ ತ್ಯಾಗಗಳ ಕತೆ ಬರೆಯುವವರು ಮನೆಯಲ್ಲಿ ಉಳಿದವರ ಬಗ್ಗೆ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾರೆ. ಅದು ನನಗೆ ಸರಿಯೆನಿಸುವುದಿಲ್ಲ. ಆದರೂ ಒಂದು ಲೆಕ್ಕ ಅವರ ಕಡೆಗಿದೆ: ಹಿಂದಿರುಗಿದ್ದರೂ ತಂದೆ ಸಿಗುತ್ತಿರಲಿಲ್ಲ, ಬಂದ ಕೆಲಸವಿನ್ನೂ ಶುರುವೇ ಆಗಿರಲಿಲ್ಲ.

1939ರ ಫೆಬ್ರವರಿಯಲ್ಲಿ ತಂಡ ಯೆನಾನ್ ಮುಟ್ಟಿತು. ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಗಳಲ್ಲಿ ವಾಸ, ಗುಹೆಗಳಲ್ಲೇ ಆಸ್ಪತ್ರೆ. ನಮ್ಮ ಬಾದಾಮಿಯ ಗುಹೆ ಕಲ್ಲಿನದು, ನೋಡಲಿಕ್ಕೆ. ಅಲ್ಲಿಯದು ಮಣ್ಣಿನದು, ಬಾಳಲಿಕ್ಕೆ. ವಿಮಾನ ಬಂದು ಬಾಂಬು ಹಾಕಿದರೆ ಗುಹೆಯೇ ರಕ್ಷಣೆ. ಊಟಕ್ಕೆ ಮುಖ್ಯವಾಗಿ ನವಣೆ. ಹೌದು, ನಮ್ಮ ಅಜ್ಜಿಯರು ಅನ್ನ ಮಾಡಿ ಬಡಿಸುತ್ತಿದ್ದ, ಈಗ ಸಿರಿಧಾನ್ಯ ಅಂತ ದುಬಾರಿಗೆ ಮಾರುವ ಅದೇ ನವಣೆ. ಆ ಸೇನೆ ನವಣೆ ಉಂಡೇ ಯುದ್ಧ ಮಾಡಿತು. ಜೋಳದ ಸೀಮೆಯಿಂದ ಹೋದ ಡಾಕ್ಟರಿಗೆ ಬಂಗಾಳಿಗಳಿಗಿಂತ ಅದು ಸುಲಭವಾಗಿ ಒಗ್ಗಿರಬಹುದು ಅನ್ನುವುದು ನನ್ನ ಊಹೆ. ಐವರ ಚೀನೀ ಹೆಸರಿಗೂ ಕೊನೆಯಲ್ಲಿ 'ಹುವಾ' ಎಂಬ ಅಕ್ಷರ ಸೇರಿತು. ಹುವಾ ಅಂದರೆ ಚೀನಾ. ಕೋಟ್ನೀಸ್ ಅಲ್ಲಿ ಕೆ ದಿಹುವಾ ಆದರು. ಮೇ ತಿಂಗಳಲ್ಲಿ ಮಾವೊ ನೆಹರೂ ಅವರಿಗೆ ಕೃತಜ್ಞತೆಯ ಪತ್ರ ಬರೆದರು.

ಚೋಳಕರ್, ಮುಖರ್ಜಿ, ಆಮೇಲೆ ಅಟಲ್, ಒಬ್ಬೊಬ್ಬರಾಗಿ ಭಾರತಕ್ಕೆ ಮರಳಿದರು. ಬಸು 1943ರವರೆಗೆ ಇದ್ದರು. ಮುಂದೆ ಇದೇ ಬಸು ಅವರೇ ಚೀನಾದ ಸೂಜಿ ಚಿಕಿತ್ಸೆಯನ್ನು ಕಲಿತು ಕಲ್ಕತ್ತೆಗೆ ತಂದದ್ದು. ಮರಳಿದವರ ಬಗ್ಗೆ ಹಗುರವಾಗಿ ಮಾತಾಡುವುದು ತರವಲ್ಲ. ಹೊರಟಾಗ ಯಾರೂ ಜನ್ಮಕ್ಕೆಲ್ಲ ಅಂತ ಬರೆದುಕೊಟ್ಟು ಹೊರಟಿರಲಿಲ್ಲ. ಹೋದದ್ದೇ ದೊಡ್ಡದು.

1939ರ ಕೊನೆಗೆ ಕೋಟ್ನೀಸ್, ಬಸು ಮತ್ತು ಅಟಲ್ ಯುದ್ಧಭೂಮಿಯ ಕಡೆಗೆ, ವೂತಾಯ್ ಪರ್ವತಗಳ ಸೀಮೆಗೆ ಹೊರಟರು. ಅಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್ ಅವರನ್ನು ಕಾಣುವ ಆಸೆ. ಕಾಣುವ ಮೊದಲೇ, ನವೆಂಬರ್ 12ರಂದು ಬೆಥೂನ್ ತೀರಿಕೊಂಡರು. ಆಪರೇಷನ್ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ ರಕ್ತಕ್ಕೆ ಏರಿತ್ತು. ಪೆನಿಸಿಲಿನ್ ಇನ್ನೂ ಯಾರ ಕೈಗೂ ಬಂದಿರದ ಕಾಲ.

ಆ ಸೀಮೆಯ ಆಸ್ಪತ್ರೆ ಅಂದರೆ ಕಟ್ಟಡ ಅಂತ ತಿಳಿಯಬೇಡಿ. ಗಾಯಾಳುಗಳು ರೈತರ ಮನೆಗಳಲ್ಲಿ ಹಂಚಿಕೊಂಡು ಮಲಗಿರುತ್ತಿದ್ದರು. ಜಪಾನಿ ಸೈನ್ಯ ಬಂತು ಅಂದರೆ ರೋಗಿಗಳನ್ನು ಡೋಲಿಯಲ್ಲಿ, ಸಾಮಾನನ್ನು ಹೇಸರಗತ್ತೆಯ ಮೇಲೆ ಹಾಕಿಕೊಂಡು ಗುಡ್ಡ ಹತ್ತಬೇಕು. ಒಂದು ಆಪರೇಷನ್ ಕೋಣೆಗೆ ಬೇಕಾದ ಸಾಮಾನೆಲ್ಲ ಹೇಸರಗತ್ತೆಯ ಬೆನ್ನಿನ ಎರಡು ಬದಿಗೆ ಕೂರುವಂಥ ಮರದ ಜೀನನ್ನು ಬೆಥೂನ್ ಮಾಡಿಸಿದ್ದರು. 1940ರ ಆಗಸ್ಟಿನಿಂದ ನಡೆದ 'ನೂರು ರೆಜಿಮೆಂಟುಗಳ' ಕಾಳಗದಲ್ಲಿ ಕೋಟ್ನೀಸ್ ಎಪ್ಪತ್ತೆರಡು ಗಂಟೆ ನಿದ್ದೆ ಇಲ್ಲದೆ ಆಪರೇಷನ್ ಮಾಡಿದರು ಅಂತ ಚೀನಾದಲ್ಲಿ ಹೇಳುತ್ತಾರೆ. 1941ರ ಜನವರಿಯಲ್ಲಿ ಅವರು ಬೆಥೂನ್ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. ಮೂವತ್ತು ವರ್ಷದ ಪ್ರಾಯ.

ನನಗೆ ಎಪ್ಪತ್ತೆರಡು ಗಂಟೆಗಿಂತ ದೊಡ್ಡದಾಗಿ ಕಂಡದ್ದು ಬೇರೆ. ಕೋಟ್ನೀಸ್ ಚೀನೀ ಭಾಷೆ ಕಲಿತರು. ಬಜಾರಿಗೆ ಸಾಕಾಗುವಷ್ಟಲ್ಲ, ಆಸ್ಪತ್ರೆಯ ಜೊತೆಗಿದ್ದ ವೈದ್ಯಕೀಯ ಶಾಲೆಯಲ್ಲಿ ಪಾಠ ಮಾಡುವಷ್ಟು, ಶಸ್ತ್ರಚಿಕಿತ್ಸೆಯ ಪಠ್ಯ ಬರೆಯಲು ಕೂರುವಷ್ಟು.

ಇದು ಯಾಕೆ ದೊಡ್ಡದು ಅಂದರೆ, ನಮ್ಮ ದವಾಖಾನೆಯಲ್ಲಿ ದಿನಾ ನೋಡುತ್ತೇನಲ್ಲ. ಯಾದಗಿರಿ ಕಡೆಯ ಹೆಣ್ಣುಮಗಳು ಬಂದು ಕೂರುತ್ತಾಳೆ. ಡಾಕ್ಟರು ಮರಾಠಿಯವರು, ಎಳೆಯ ವಯಸ್ಸು, ಒಳ್ಳೆಯವರು. ಹಿಂದಿಯಲ್ಲಿ ಕೇಳುತ್ತಾರೆ. ಆಕೆ ನನ್ನ ಕಡೆ ತಿರುಗಿ, "ಕಾಕಾ, ಮೈಯಾಗ ಕಸುವೇ ಇಲ್ರಿ, ಜೀವ ಹೊಯ್ದಾಡ್ತದ," ಅನ್ನುತ್ತಾಳೆ. ಕಸುವನ್ನು ಮರಾಠಿ ಮಾಡಬಹುದು. ಜೀವ ಹೊಯ್ದಾಡುವುದನ್ನು ಏನು ಮಾಡಲಿ? ಎದೆ ಬಡಿತವೋ, ಹೆದರಿಕೆಯೋ, ಊರಲ್ಲಿ ಬಿಟ್ಟು ಬಂದ ಕೂಸಿನ ನೆನಪೋ? "ಯಾವಾಗ ಹಂಗ ಆಗ್ತದವ್ವಾ, ಕೆಲಸ ಮಾಡೂ ಮುಂದೋ, ಮಲಗಿದಾಗೋ?" ಅಂತ ನಾಲ್ಕು ಸಲ ಕೇಳಿ ಬಿಡಿಸಿಕೊಳ್ಳಬೇಕು. ಆಕೆಗೆ ರಕ್ತ ಕಡಿಮೆ ಇತ್ತು, ಪರೀಕ್ಷೆ ಮಾಡಿಸಿದಾಗ ತಿಳಿಯಿತು. ಇನ್ನೊಬ್ಬ ಮುದುಕ ಮಾತ್ರೆ ತಗೊಂಡೇ ಇರಲಿಲ್ಲ; ಊಟದ ನಂತರ ಅಂತ ಹಿಂದಿಯಲ್ಲಿ ಹೇಳಿದ್ದನ್ನು ಊಟದ ಬದಲು ಅಂತ ತಿಳಿದು ಹೆದರಿದ್ದ. ಎಂಟು ನೂರು ಕಿಲೋಮೀಟರೂ ಇಲ್ಲದ ದೂರಕ್ಕೆ ಇಷ್ಟು ಎಡವಟ್ಟು. ಹೀಗಿರುವಾಗ ಹೆಬೇ ಪ್ರಾಂತದ ಹಳ್ಳಿಯ ರೈತ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿ, ಅದು ಸೊಲ್ಲಾಪುರದವನಿಗೆ ತಿಳಿಯಿತು ಅಂದರೆ, ಆ ಕಲಿಕೆಯ ಹಿಂದೆ ಎಷ್ಟು ಸಂಜೆಗಳು ಇದ್ದಿರಬೇಕು. ಅಲ್ಲಿಯ ಜನ ಅವರನ್ನು 'ಕಪ್ಪು ತಾಯಿ' ಅಂತ ಕರೆಯುತ್ತಿದ್ದರಂತೆ. ಅರ್ಥವಾಗದ ಮಾತಾಡುವವನಿಗೆ ಯಾರೂ ತಾಯಿ ಅನ್ನುವುದಿಲ್ಲ.

1941ರಲ್ಲಿ ಅವರು ಗುವೊ ಚಿಂಗ್‌ಲಾನ್ ಅವರನ್ನು ಮದುವೆಯಾದರು. ಆಕೆ ಅದೇ ಶಾಲೆಯಲ್ಲಿ ಶುಶ್ರೂಷೆ ಕಲಿಸುತ್ತಿದ್ದವರು. 1942ರ ಆಗಸ್ಟ್ 23ರಂದು ಮಗ ಹುಟ್ಟಿದ. ಹೆಸರು ಯಿನ್‌ಹುವಾ, ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಆ ವರ್ಷವೇ ಅವರು ಚೀನಾದ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. ಆದರೆ ಆ ಹೊತ್ತಿಗೆ ಮೂರ್ಛೆರೋಗ ಹಿಡಿದಿತ್ತು. ಬೇರೆ ಕಡೆ ಹೋಗಿ ಚಿಕಿತ್ಸೆ ತಗೊಳ್ಳಿ ಅಂದರೆ ಒಪ್ಪಲಿಲ್ಲ. 1942ರ ಡಿಸೆಂಬರ್ 9ರ ಬೆಳಗಿನ ಜಾವ, ತಾಂಗ್ ತಾಲೂಕಿನ ಗೆಗೊಂಗ್ ಎಂಬ ಹಳ್ಳಿಯಲ್ಲಿ, ಫಿಟ್ಸ್ ಮೇಲಿಂದ ಮೇಲೆ ಬಂದು ತೀರಿಕೊಂಡರು. ಮೂವತ್ತೆರಡು ವರ್ಷ. ಕೂಸಿಗೆ ಮೂರೂವರೆ ತಿಂಗಳು. ಬರೆಯುತ್ತಿದ್ದ ಪಠ್ಯಪುಸ್ತಕ ಅರ್ಧಕ್ಕೇ ನಿಂತಿತು. ಮಾವೊ, ಝು ದೆ, ಸೂಂಗ್ ಚಿಂಗ್‌ಲಿಂಗ್ ಸಂತಾಪ ಬರೆದರು. ಮುಂದೆ ಶಿಜಿಯಾಝುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನ್ ಸಮಾಧಿ ಇರುವ ಆವರಣದಲ್ಲೇ ಇವರದ್ದೂ ಆಯಿತು.

ಇತಿಹಾಸದ ವಿಚಿತ್ರ ನೋಡಿ. ಜಪಾನಿನ ಗುಂಡಿಗೆ ಗಾಯಗೊಂಡವರ ಸೇವೆಗೆ ಈ ತಂಡವನ್ನು ಕಳಿಸಿದ ಬೋಸರೇ, ಕೋಟ್ನೀಸ್ ತೀರಿಕೊಂಡ ಮರುವರ್ಷ, 1943ರಲ್ಲಿ, ಬ್ರಿಟಿಷರನ್ನು ಓಡಿಸಲು ಜಪಾನಿನ ನೆರವು ಪಡೆದು ಸೇನೆ ಕಟ್ಟಿದರು. ಎರಡೂ ಕಡೆ ಅವರಿಗೆ ಕಂಡದ್ದು ನಮ್ಮ ಸ್ವಾತಂತ್ರ್ಯವೇ. ಆದರೂ ಗೆಗೊಂಗ್‌ನ ಆ ಮಣ್ಣಿನ ಮನೆಯಲ್ಲಿ ಕೋಟ್ನೀಸ್ ಬದುಕಿದ್ದು ಈ ಸುದ್ದಿ ಕೇಳಿದ್ದರೆ ಏನನ್ನುತ್ತಿದ್ದರೋ.

1946ರಲ್ಲಿ ವಿ. ಶಾಂತಾರಾಮ್ 'ಡಾ. ಕೋಟ್ನೀಸ್ ಕೀ ಅಮರ್ ಕಹಾನಿ' ಸಿನಿಮಾ ಮಾಡಿದರು. ಕತೆ ಖ್ವಾಜಾ ಅಹ್ಮದ್ ಅಬ್ಬಾಸರದು. ಶಾಂತಾರಾಮರೇ ಡಾಕ್ಟರು, ಜಯಶ್ರೀ ಚೀನೀ ಹೆಂಡತಿ. ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ, ಅಲ್ಲಿಯದೇ ತಗಡಿನ ಥಿಯೇಟರಿನಲ್ಲಿ ದುಡಿದ ಮನುಷ್ಯ ಈ ಶಾಂತಾರಾಮ್. ಹುಬ್ಬಳ್ಳಿಯವರಿಗೆ ಇಷ್ಟು ಹೇಳಿದರೆ ಖುಷಿಯಾಗುತ್ತದೆ ಅಂತ ಬರೆದೆ. ಸಿನಿಮಾದಿಂದ ಹೆಸರು ಮನೆಮನೆಗೆ ಹೋಯಿತು. ಆಮೇಲೆ 1962 ಬಂತು. ಚೀನಾದ ಗೆಳೆಯ ಅಂತ ಒಬ್ಬನನ್ನು ಹೊಗಳುವುದು ನಮ್ಮಲ್ಲಿ ಕಷ್ಟವಾಯಿತು. ಚೀನಾದವರು 1982ರಲ್ಲಿ ಅಂಚೆ ಚೀಟಿ ತಂದರು. ನಮ್ಮ ಅಂಚೆ ಇಲಾಖೆಗೆ 1993 ಬೇಕಾಯಿತು. ಚೀನಾದ ನಾಯಕರು ಭಾರತಕ್ಕೆ ಬಂದಾಗಲೆಲ್ಲ ಕೋಟ್ನೀಸರ ಮನೆಯವರನ್ನು ಕಂಡು ಹೂವು ಕೊಡುವ ರೂಢಿ ಬೆಳೆಯಿತು. ಅದರಲ್ಲಿ ರಾಜಕಾರಣ ಇಲ್ಲ ಅನ್ನಲಾರೆ. ಗಡಿಯಲ್ಲಿ ಒಂದು, ಹೂಗುಚ್ಛದಲ್ಲಿ ಇನ್ನೊಂದು ಇದ್ದರೆ ನಂಬುವುದು ಹೇಗೆ? ಆದರೆ ಹೂವು ಕೊಟ್ಟವರ ಮನಸ್ಸು ಏನೇ ಇರಲಿ, ಡೋಲಿಯ ಪಕ್ಕ ನಡೆದವನು ರಾಜಕಾರಣಿ ಅಲ್ಲ.

ಗುವೊ ಚಿಂಗ್‌ಲಾನ್ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರನ್ನು ಕಂಡು ಹೋದರು. ಯಿನ್‌ಹುವಾ ತಂದೆಯ ಹಾಗೆ ವೈದ್ಯನಾಗಲು ಓದುತ್ತಿದ್ದವನು 1967ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ ಹೋದ. ಆ ತಾಯಿ ಇನ್ನೂ ನಲವತ್ತೈದು ವರ್ಷ ಬದುಕಿ, 2012ರಲ್ಲಿ ದಾಲಿಯಾನ್‌ನಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಅದೇ ವರ್ಷ ಸೊಲ್ಲಾಪುರದ ಭೈಯಾ ಚೌಕದ ಹತ್ತಿರ, ಕೋಟ್ನೀಸ್ ಹುಟ್ಟಿದ ಮನೆ ಸ್ಮಾರಕವಾಯಿತು. ನಾನು ಶಾಖೆಯಲ್ಲಿದ್ದ ಕಾಲಕ್ಕೆ ಅದು ಇರಲಿಲ್ಲ. ಹಂಪಿ, ವಿಜಯಪುರ ಅಂತ ಪ್ರವಾಸ ಹೋಗುವ ನಮ್ಮ ಶಾಲೆಯ ಮಕ್ಕಳನ್ನು ಸೊಲ್ಲಾಪುರಕ್ಕೂ ಕರೆದುಕೊಂಡು ಹೋದರೆ ವಿಜಯಪುರದಿಂದ ಎರಡು ತಾಸಿನ ದಾರಿ.

ಪುಣೆಯಲ್ಲೂ ಅವರ ಹೆಸರು ಒಂದು ಕಡೆ ಇದೆ. ಶುಕ್ರವಾರ ಪೇಠೆಯ ಗಾಡಿಖಾನಾದಲ್ಲಿ ಮಹಾನಗರಪಾಲಿಕೆಯ ಡಾ. ಕೋಟಣೀಸ ಆರೋಗ್ಯ ಕೇಂದ್ರ. ವಾಕಡದಿಂದ ಮನಪಾ ಬಸ್ಸು ಹಿಡಿದು, ಅಲ್ಲಿಂದ ಮಂಡಈ ಕಡೆಗೆ ನಡೆದು ಒಂದು ಬೆಳಿಗ್ಗೆ ನೋಡಿ ಬಂದೆ. ಪುತಳಿ, ಮಾಲೆ ಹುಡುಕಿಕೊಂಡು ಹೋದವನಲ್ಲ ನಾನು. ಕೂಸುಗಳನ್ನು ಎತ್ತಿಕೊಂಡ ತಾಯಂದಿರು, ಕೆಮ್ಮುವ ಮುದುಕರು, ಕೇಸ್ ಪೇಪರಿಗೆ ಪಾಳಿ. ಹೊರಗೆ ರಿಕ್ಷಾದವನನ್ನು, ಈ ಕೋಟಣೀಸ ಅಂದರೆ ಯಾರಪ್ಪ ಅಂತ ಕೇಳಿದೆ. "ಡಾಕ್ಟರ್ ಹೋತೇ. ಚೀನಲಾ ಗೇಲೇ, ಪರತ ಆಲೇ ನಾಹೀತ," ಅಂದ. ಡಾಕ್ಟರಾಗಿದ್ದರು, ಚೀನಾಕ್ಕೆ ಹೋದರು, ತಿರುಗಿ ಬರಲಿಲ್ಲ. ಆಮೇಲೆ, ಕಾಕಾ ಎಲ್ಲಿಗೆ ಬಿಡಲಿ ಅಂತ ಕೇಳಿದ.